ಫೈಟರ್ ಮೀನನ್ನು ಮನೆಯಲ್ಲಿ ಬಿಟ್ಟು ಊರಿಗೆ ಹೋಗುವುದು ಹೇಗೆ: ಸಮಗ್ರ ಮಾರ್ಗದರ್ಶಿ

ರಜೆ ಮುಗಿಸಿ ಬಂದವರಿಂದ ಮತ್ತೆ ಮತ್ತೆ ಕೇಳಿಬರುವ ಮಾತು ಒಂದೇ: "ಪಕ್ಕದ ಮನೆಯವರಿಗೆ ದಿನಾ ಊಟ ಹಾಕೋಕೆ ಹೇಳಿದ್ವಿ, ಆದ್ರೂ ಫೈಟರ್ ಸತ್ತೋಯ್ತು." ಹೆಚ್ಚಿನ ಸಲ ಆ ಊಟವೇ ಸಾವಿಗೆ ಕಾರಣವಾಗಿರುತ್ತದೆ. ಆರೋಗ್ಯವಾಗಿರುವ, ಪೂರ್ತಿ ಬೆಳೆದ ಫೈಟರ್ (ಬೆಟ್ಟಾ) ಮೀನು ಒಂದು ವಾರ ಏನೂ ತಿನ್ನದೆ ಆರಾಮಾಗಿ ಇರುತ್ತದೆ. ಆದರೆ ತಳದಲ್ಲಿ ಉಳಿದ ಪೆಲೆಟ್ (ಊಟದ ಕಾಳು) ಕೊಳೆತು ಅಮೋನಿಯಾ ಎಂಬ ವಿಷ ಎದ್ದರೆ ಎರಡೇ ದಿನದಲ್ಲಿ ಸೋಲುತ್ತದೆ. ಹಾಗಾಗಿ ಇಲ್ಲಿ ಊಟದ ವಿಷಯಕ್ಕಿಂತ ನೀರು, ಕರೆಂಟು, ಮುಚ್ಚಳದ ವಿಷಯ ಹೆಚ್ಚು ಇದೆ. ಕೆಲಸಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದರೆ, ಅದರಲ್ಲೂ ಎಲ್ಲವನ್ನೂ ಹೊರಡುವ ದಿನಕ್ಕೆ ಇಟ್ಟುಕೊಂಡರೆ, ಒಳ್ಳೆಯ ಕೆಲಸವೇ ಕೆಡುಕಾಗುತ್ತದೆ.

ಮೊದಲು ದಿನ ಎಣಿಸಿ

1ರಿಂದ 3 ದಿನ: ಏನೂ ವ್ಯವಸ್ಥೆ ಬೇಡ. ಊಟವೂ ಬೇಡ, ಯಾರೂ ಬರುವುದೂ ಬೇಡ.

4ರಿಂದ 7 ದಿನ: ಊಟ ಬೇಡ. ಮಧ್ಯದಲ್ಲಿ ಒಮ್ಮೆ ಯಾರಾದರೂ ಬಂದು ಕರೆಂಟು ಇದೆಯೇ, ನೀರಿನ ಮಟ್ಟ ಇಳಿದಿದೆಯೇ ಎಂದು ನೋಡಿ ಹೋದರೆ ಸಾಕು.

8ರಿಂದ 14 ದಿನ: ಮೂರು ದಿನಕ್ಕೊಮ್ಮೆ ಒಬ್ಬರು ಬಂದು ಅಳೆದ ಊಟ ಹಾಕಬೇಕು, ಇಲ್ಲವೇ ಚೆನ್ನಾಗಿ ಪರೀಕ್ಷೆ ಮಾಡಿದ ಆಟೋ ಫೀಡರ್ (ತಾನೇ ಊಟ ಹಾಕುವ ಯಂತ್ರ) ಇರಬೇಕು.

ಎರಡು ವಾರ ಮೀರಿದರೆ: ನೀರು ಬದಲಿಸಲು ಬರುವವರು ಬೇಕೇ ಬೇಕು. ಅಂಥವರು ಸಿಗದಿದ್ದರೆ ಮೀನು ಸಾಕಿ ಗೊತ್ತಿರುವವರ ಮನೆಗೆ ಟ್ಯಾಂಕ್ ಸಮೇತ ಒಪ್ಪಿಸಿ ಹೋಗಿ.

ಈ ಲೆಕ್ಕ ಮುಚ್ಚಳ ಮತ್ತು ಫಿಲ್ಟರ್ ಇರುವ, ಕನಿಷ್ಠ 20 ಲೀಟರಿನ, ತಿಂಗಳುಗಟ್ಟಲೆ ಚೆನ್ನಾಗಿ ನಡೆಯುತ್ತಿರುವ ಟ್ಯಾಂಕಿಗೆ ಮಾತ್ರ. ನಾಲ್ಕು ತಿಂಗಳೂ ತುಂಬದ ಮರಿ, ಇತ್ತೀಚೆಗೆ ಕಾಯಿಲೆ ಬಿದ್ದು ಎದ್ದ ಮೀನು, ಬೆನ್ನು ಬಾಗಿದ ಮುದಿ ಮೀನಿಗೆ ಉದ್ದದ ಉಪವಾಸ ಹಾಕಬಾರದು.

ಮೇಜಿನ ಮೇಲಿನ ಒಂದೆರಡು ಲೀಟರಿನ ಗಾಜಿನ ಬೌಲಿನಲ್ಲಿ ಮೀನು ಇದ್ದರೆ ಎರಡು ದಿನಕ್ಕಿಂತ ಹೆಚ್ಚು ಬಿಟ್ಟು ಹೋಗಬೇಡಿ. ಅಷ್ಟು ಕಡಿಮೆ ನೀರಿನಲ್ಲಿ ಮೀನಿನ ಸ್ವಂತ ಮಲವೇ ವಿಷವಾಗಲು ಸಾಕು. ಹೊಸ ಟ್ಯಾಂಕ್ ಹದಕ್ಕೆ ಬರಲು, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು, ನಾಲ್ಕರಿಂದ ಆರು ವಾರ ಬೇಕು, ಆದ್ದರಿಂದ ಪ್ರಯಾಣ ಮುಂದಿನ ವಾರ ಅಂದಾಗ ಟ್ಯಾಂಕ್ ತಂದು ಪ್ರಯೋಜನವಿಲ್ಲ. ಅಷ್ಟು ಸಮಯ ಇಲ್ಲದಿದ್ದರೆ 15ರಿಂದ 20 ಲೀಟರ್ ಹಿಡಿಸುವ, ಸೋಪು ಕಾಣದ ಹೊಸ ಪ್ಲಾಸ್ಟಿಕ್ ಟಬ್ ತನ್ನಿ. ಕ್ಲೋರಿನ್ ತೆಗೆದ ನೀರು ತುಂಬಿ, ಬೌಲಿನಷ್ಟೇ ಬಿಸಿ ಇರುವಂತೆ ನೋಡಿಕೊಂಡು, ಹೊರಡುವ ಎರಡು ದಿನ ಮೊದಲೇ ಮೀನನ್ನು ಅದಕ್ಕೆ ಬಿಡಿ. ಮೇಲೆ ಸೊಳ್ಳೆ ಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿ. ಊಟ ಹಾಕದಿದ್ದರೆ ಈ ಏರ್ಪಾಟು ನಾಲ್ಕೈದು ದಿನ ತಡೆಯುತ್ತದೆ.

ಕೈಗೆ ಬೇಕಾದ ಸಾಮಾನು

ಆ್ಯಂಟಿ ಕ್ಲೋರಿನ್ ದ್ರಾವಣ, ನೀರಿನ ಥರ್ಮಾಮೀಟರ್, ಅಮೋನಿಯಾ ಮತ್ತು ನೈಟ್ರೈಟ್ (ಅಮೋನಿಯಾದಿಂದಲೇ ಆಗುವ ಇನ್ನೊಂದು ವಿಷ) ಅಳೆಯುವ ದ್ರವರೂಪದ ಟೆಸ್ಟ್ ಕಿಟ್, ತಳದ ಕೊಳೆ ಎಳೆಯುವ ಸೈಫನ್ ಪೈಪು, ಮೀನಿಗೆಂದೇ ಎತ್ತಿಟ್ಟ ಬಕೆಟ್, ಲೈಟಿಗೆ ಟೈಮರ್ ಪ್ಲಗ್, ಏರ್ ಪಂಪಿನ ಪೈಪಿಗೆ ಹಾಕುವ ಚೆಕ್ ವಾಲ್ವ್, ಕಾಗದದ ಟೇಪ್, ಮಾರ್ಕರ್ ಪೆನ್ನು. ಚೆಕ್ ವಾಲ್ವ್ ಕೆಲವೇ ರೂಪಾಯಿಯ ವಸ್ತು, ಜನ ತರುವುದು ಮರೆಯುವುದೂ ಅದನ್ನೇ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟು ಹೋದರೆ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೂ ನೆಲಕ್ಕೂ ಇಳಿಯುತ್ತದೆ. ನೋಡುವವರಿಲ್ಲದ ಮನೆಯಲ್ಲಿ ಅರ್ಧ ಟ್ಯಾಂಕ್ ಹಾಗೇ ಖಾಲಿಯಾಗಬಹುದು.

ಹಂತ 1: ಹತ್ತು ದಿನ ಮೊದಲು, ಟ್ಯಾಂಕಿನ ಗುಣ ತಿಳಿಯಿರಿ

ಗಾಜಿನ ಹೊರಗೆ, ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿ ಅದರ ಮೇಲೆ ತಾರೀಖು ಬರೆಯಿರಿ. ಮೇಲಿಂದ ನೀರು ಸುರಿಯದೆ ಒಂದು ವಾರ ಬಿಡಿ. ಎಷ್ಟು ಇಳಿಯಿತು ಎಂದು ಅಳೆದರೆ ನೀವಿಲ್ಲದಾಗ ಎಷ್ಟು ಆವಿಯಾಗುತ್ತದೆ ಎಂಬುದು ಗೊತ್ತಾಗುತ್ತದೆ. ಫ್ಯಾನ್ ಗಾಳಿ ಬೀಳುವ, ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ನೀರು ಇಳಿಯುವ ವೇಗ ನೋಡಿ ನೀವೇ ಮುಚ್ಚಳ ತರುತ್ತೀರಿ. ನೀರು ಅಷ್ಟು ಇಳಿದಾಗಲೂ ಹೀಟರ್ ಮೇಲಿನ ಕನಿಷ್ಠ ಗೆರೆ ನೀರಿನೊಳಗೇ ಇರಬೇಕು. ನೀರಿನಿಂದ ಹೊರಬಂದ ಹೀಟರಿನ ಗಾಜು ಒಣಗಿಯೇ ಕಾದು ಸೀಳುತ್ತದೆ.

ಇದೇ ವಾರ ಮೂರು ದಿನಕ್ಕೊಮ್ಮೆ ನೀರು ಪರೀಕ್ಷೆ ಮಾಡಿ. ಅಮೋನಿಯಾ 0, ನೈಟ್ರೈಟ್ 0 ಬರಬೇಕು. ಅಮೋನಿಯಾ 0.25 ಪಿಪಿಎಂ ತೋರಿಸುತ್ತಿದ್ದರೂ ಟ್ಯಾಂಕ್ ಬಿಟ್ಟು ಹೋಗಲು ತಯಾರಿಲ್ಲ ಎಂದು ತಿಳಿಯಿರಿ. ಊಟ ಅರ್ಧ ಮಾಡಿ, ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಬೋರ್‌ವೆಲ್ ನೀರು ಬಳಸುವವರು ಇನ್ನಷ್ಟು ಎಚ್ಚರದಿಂದ ಇರಬೇಕು. ಗಡಸು ಬೋರ್‌ವೆಲ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸಾಮಾನ್ಯವಾಗಿ ಹೆಚ್ಚು; ಪಿಎಚ್ ಹೆಚ್ಚಿದಷ್ಟೂ, ನೀರು ಬೆಚ್ಚಗಾದಷ್ಟೂ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷವಾಗುತ್ತದೆ.

ಈ ಹತ್ತು ದಿನದಲ್ಲಿ ಹೊಸದೇನನ್ನೂ ಟ್ಯಾಂಕಿಗೆ ಸೇರಿಸಬೇಡಿ. ಒಂಟಿಯಾಗಿರುತ್ತದಲ್ಲ ಎಂದು ಇನ್ನೊಂದು ಮೀನು, ಬಸವನಹುಳು, ಹೊಸ ಗಿಡ, ಹೊಸ ಬ್ರ್ಯಾಂಡಿನ ಊಟ ಯಾವುದೂ ಬೇಡ. ಹೊಸ ಮೀನಿನ ಜೊತೆ ಬಂದ ರೋಗ ಹೊರಗೆ ಕಾಣಲು ಕೆಲವು ದಿನ ತೆಗೆದುಕೊಳ್ಳುತ್ತದೆ, ಅದು ಕಾಣುವ ಹೊತ್ತಿಗೆ ನೀವು ರೈಲಿನಲ್ಲಿರುತ್ತೀರಿ. ಬೀದಿಯ ಕಾಡು ಬಾದಾಮಿ ಮರದ ಒಣ ಎಲೆ ಫೈಟರಿಗೆ ಹಿತವೇ ಹೌದು. ಆದರೆ ಮೊದಲಿನಿಂದ ಹಾಕುತ್ತಿದ್ದರೆ ಮಾತ್ರ ಈಗಲೂ ಇರಲಿ, ಹೊರಡುವಾಗ ಹೊಸದಾಗಿ ಶುರು ಮಾಡಬೇಡಿ. ಹಳೆಯ, ಜಾಲರಿಯಂತಾದ ಎಲೆಗಳನ್ನು ತೆಗೆದುಬಿಡಿ.

ಹಂತ 2: ಒಂದು ವಾರ ಮೊದಲು, ಕರೆಂಟಿನ ಪರೀಕ್ಷೆ

ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ಮೀನಿದ್ದ ಮನೆಯಲ್ಲಿ ಅದು ಆಗದು. ಫಿಲ್ಟರಿನ ಸ್ಪಾಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುತ್ತವೆ. ನೀರಿನ ಹರಿವು ನಿಂತು ಆಮ್ಲಜನಕ ಸಿಗದಿದ್ದರೆ ಕೆಲವು ಗಂಟೆಗಳಲ್ಲೇ ಅವು ಸಾಯಲು ತೊಡಗುತ್ತವೆ. ಟ್ಯಾಂಕಿನ ಪ್ಲಗ್ ಯಾವ ಎಂಸಿಬಿಗೆ ಸೇರಿದೆ ಎಂದು ಒಂದೊಂದೇ ಇಳಿಸಿ ಪತ್ತೆ ಮಾಡಿ, ಅದರ ಮೇಲೆ ಟೇಪ್ ಅಂಟಿಸಿ "ಮೀನು, ಆಫ್ ಮಾಡಬೇಡಿ" ಎಂದು ಬರೆಯಿರಿ. ಉಳಿದವನ್ನು ಧಾರಾಳವಾಗಿ ಇಳಿಸಿ ಹೋಗಬಹುದು.

ನಂತರ ಟ್ಯಾಂಕಿನ ಪ್ಲಗ್ಗನ್ನು ಹತ್ತು ನಿಮಿಷ ಆಫ್ ಮಾಡಿ ಮತ್ತೆ ಹಾಕಿ ನೋಡಿ. ಗಾಜಿನ ಅಂಚಿಗೆ ತೂಗುವ ಕೆಲವು ಫಿಲ್ಟರ್‌ಗಳು ಕರೆಂಟು ಹೋಗಿ ಬಂದ ಮೇಲೆ ನೀರು ಎಳೆಯದೆ ಬರೀ ಗುಂಯ್‌ಗುಡುತ್ತವೆ. ನಿಮ್ಮದೂ ಹಾಗೆ ಮಾಡಿದರೆ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರನ್ನು ಈಗಲೇ ಟ್ಯಾಂಕಿಗೆ ಇಳಿಸಿ, ಹಳೆಯದರ ಜೊತೆಯಲ್ಲೇ ನಡೆಸಿ. ಫೈಟರಿಗೆ ಹೇಗೂ ಜೋರು ಹರಿವು ಆಗದು, ಇದು ಅದಕ್ಕೆ ಹಿತವಾದ ಫಿಲ್ಟರ್. ಏರ್ ಪಂಪ್ ತೆಗೆದುಕೊಳ್ಳುವುದು ಮೂರರಿಂದ ಐದು ವ್ಯಾಟ್ ಅಷ್ಟೆ. ಮನೆಯಲ್ಲಿ ಯುಪಿಎಸ್ ಇದ್ದರೆ ಆ ಸಾಲಿನ ಪ್ಲಗ್ಗಿಗೆ ಹಾಕಿ, ಹೀಟರನ್ನು ಮಾತ್ರ ಅದರಿಂದ ದೂರ ಇಡಿ.

ವೈರುಗಳನ್ನು ಪ್ಲಗ್ಗಿಗಿಂತ ಒಂದು ಗೇಣು ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ವೈರಿನ ಮೇಲೆ ಜಾರಿ ಬಂದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಪಾಯಿಂಟಿಗೆ ತಲುಪುವುದಿಲ್ಲ. ಲೈಟಿಗೆ ಟೈಮರ್ ಹಾಕಿ ದಿನಕ್ಕೆ ಆರರಿಂದ ಎಂಟು ಗಂಟೆ ಇಡಿ. ಹಗಲೂ ರಾತ್ರಿ ಉರಿದರೆ ಪಾಚಿ ಬೆಳೆಯುತ್ತದೆ, ಮೀನಿಗೆ ನಿದ್ದೆಯೂ ಇಲ್ಲ. ಟೈಮರ್ ಇಲ್ಲದಿದ್ದರೆ ಲೈಟು ಆಫ್ ಮಾಡಿಯೇ ಹೋಗಿ. ಕಿಟಕಿಯಿಂದ ಬರುವ ಮಬ್ಬು ಬೆಳಕು ಸಾಕು.

ಹಂತ 3: ನೀರಿನ ಬಿಸಿ

ಫೈಟರಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಕರಾವಳಿಯಲ್ಲಿ ಹೀಟರ್ ಬೇಕಾಗುವುದೇ ಅಪರೂಪ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಮನೆಗಳಲ್ಲಿ ಜನರಿಲ್ಲದೆ ಒಲೆಯೂ ಉರಿಯದಿದ್ದರೆ ಟ್ಯಾಂಕಿನ ನೀರು 22ಕ್ಕಿಂತ ಕೆಳಗೆ ಇಳಿಯುತ್ತದೆ. ಆಗ 20 ಲೀಟರಿಗೆ 25 ವ್ಯಾಟಿನ, ತಾನೇ ಆಫ್ ಆಗುವ ಹೀಟರ್ ಸಾಕು. ಹೊಸ ಹೀಟರ್ ತಂದು ಅದೇ ದಿನ ಹಾಕಿ ಹೊರಟುಬಿಡಬೇಡಿ, ಕನಿಷ್ಠ ಐದು ದಿನ ನಿಮ್ಮ ಕಣ್ಣೆದುರು ನಡೆಯಲಿ. ಕೆಟ್ಟು ಆಫ್ ಆದ ಹೀಟರಿಗಿಂತ ಕೆಟ್ಟು ಆಫ್ ಆಗದೇ ಉಳಿದ ಹೀಟರ್ ಭಯಂಕರ.

ಏಪ್ರಿಲ್, ಮೇ ತಿಂಗಳಲ್ಲಿ ಕಷ್ಟ ಉಲ್ಟಾ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಮುಚ್ಚಿದ ಮನೆ ಒಲೆಯಂತೆ ಕಾಯುತ್ತದೆ. ಹೀಟರಿನ ಪ್ಲಗ್ ತೆಗೆದು, ಟ್ಯಾಂಕನ್ನು ಪಶ್ಚಿಮದ ಗೋಡೆಯಿಂದ ಮತ್ತು ಕಿಟಕಿಯಿಂದ ದೂರದ, ನೆಲಕ್ಕೆ ಹತ್ತಿರದ ತಂಪು ಮೂಲೆಗೆ ಇಡಿ. ಟ್ಯಾಂಕ್ ಸರಿಸುವುದಿದ್ದರೆ ಹಂತ 4ರ ನೀರು ಬದಲಿಸುವ ದಿನವೇ, ನೀರು ಕಡಿಮೆ ಇದ್ದಾಗ ಸರಿಸಿ. ತುಂಬಿದ ಟ್ಯಾಂಕ್ ಎತ್ತಿದರೆ ಗಾಜಿನ ಅಂಟು ಬಿಡುತ್ತದೆ.

ಹಂತ 4: ಮೂರು ದಿನ ಮೊದಲು, ನೀರು ಬದಲಿಸಿ

ಸೈಫನ್ನಿನಿಂದ ತಳದ ಕೊಳೆ ಎಳೆಯುತ್ತಾ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನೀರು ತೆಗೆಯಿರಿ. ಕೊಳೆತ ಗಿಡದ ಎಲೆಗಳನ್ನು ಕತ್ತರಿಸಿ. ಹೊಸ ನೀರಿಗೆ ಬಾಟಲಿಯ ಮೇಲೆ ಬರೆದ ಅಳತೆಯಂತೆ ಆ್ಯಂಟಿ ಕ್ಲೋರಿನ್ ಬೆರೆಸಿ, ಟ್ಯಾಂಕಿನ ನೀರಿಗೂ ಅದಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲದಂತೆ ನೋಡಿ ನಿಧಾನವಾಗಿ ಸುರಿಯಿರಿ. ಇಷ್ಟು ದಿನ ಕಾವೇರಿ ನೀರು ಬಳಸಿದ್ದರೆ ಈಗಲೂ ಅದನ್ನೇ ಬಳಸಿ. ನಲ್ಲಿಯಲ್ಲಿ ಬರಲಿಲ್ಲ ಎಂದು ಟ್ಯಾಂಕರ್ ನೀರು ಹಾಕಿದರೆ ಗಡಸುತನ ಒಮ್ಮೆಲೇ ಬದಲಾಗುತ್ತದೆ.

ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ಹಳೆಯ ನೀರಿನ ಬಕೆಟ್ಟಿನಲ್ಲೇ ಎರಡು ಸಲ ಅದ್ದಿ ಹಿಂಡಿ, ಕಂದು ಬಣ್ಣ ಪೂರ್ತಿ ಹೋಗುವ ಮೊದಲೇ ನಿಲ್ಲಿಸಿ. ಕನ್ನಡಿಯಂತೆ ಹೊಳೆಯುವ ಹಾಗೆ ಟ್ಯಾಂಕ್ ತೊಳೆದು ಹೊರಟವರ ಮೀನೇ ಹೆಚ್ಚು ಸಾಯುವುದು.

ಮೂರು ದಿನ ಮೊದಲೇ ಏಕೆ? ನೀರು ಬದಲಿಸಿದ್ದರಲ್ಲಿ ಏನಾದರೂ ತಪ್ಪಾಗಿದ್ದರೆ ಅದು ಒಂದೆರಡು ದಿನದಲ್ಲಿ ಮೀನಿನ ಮೈಮೇಲೆ ಕಾಣುತ್ತದೆ: ರೆಕ್ಕೆ ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಲ್ಲುವುದು, ಬಣ್ಣ ಕಂದುವುದು, ಕಲ್ಲಿಗೆ ಮೈ ಉಜ್ಜುವುದು. ಸರಿಪಡಿಸಲು ನೀವು ಮನೆಯಲ್ಲಿ ಇರಬೇಕಲ್ಲ.

ಹಂತ 5: ಊಟ, ಪೊಟ್ಟಣದ ಲೆಕ್ಕದಲ್ಲಿ

ಒಂದು ವಾರ ಅಥವಾ ಅದಕ್ಕಿಂತ ಕಡಿಮೆ ಹೋಗುವವರು ಈ ಹಂತ ಬಿಟ್ಟುಬಿಡಿ.

ಯಾರಾದರೂ ಬಂದು ಊಟ ಹಾಕುವುದಾದರೆ ಅವರ ಕೈಗೆ ಡಬ್ಬಿ ಕೊಡಬೇಡಿ. ಒಂದು ಮಿಲಿಮೀಟರಿನ ನಾಲ್ಕು ಪೆಲೆಟ್ ಎಣಿಸಿ, ದಿನಸಿ ಅಂಗಡಿಯಲ್ಲಿ ಕಟ್ಟುವ ಹಾಗೆ ಚಿಕ್ಕ ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆಯಿರಿ. 12 ದಿನಕ್ಕೆ ಮೂರು ಪೊಟ್ಟಣ ಸಾಕು: ನಾಲ್ಕನೆಯ, ಏಳನೆಯ, ಹತ್ತನೆಯ ದಿನಕ್ಕೆ. ಮೂರನ್ನೂ ಒಣ ಡಬ್ಬಿಯಲ್ಲಿ ಟ್ಯಾಂಕಿನ ಪಕ್ಕ ಇಡಿ, ದೊಡ್ಡ ಡಬ್ಬಿ ಬೀರುವಿನಲ್ಲಿರಲಿ. ನಾಲ್ಕೇ ಕಾಳು ನೋಡಿ ಪಕ್ಕದ ಮನೆಯವರಿಗೆ ಅಯ್ಯೋ ಅನಿಸುತ್ತದೆ. ಮೀನಿನ ಹೊಟ್ಟೆ ತೀರಾ ಚಿಕ್ಕದು ಎಂದು ತೋರಿಸಿ ಹೇಳಿ, ಅರ್ಥವಾಗುತ್ತದೆ. ಫೈಟರ್ ಮನುಷ್ಯರನ್ನು ಕಂಡರೆ ಗಾಜಿನ ಹತ್ತಿರ ಬಂದು ಮೈ ಬಳುಕಿಸುತ್ತದೆ. ಹೊಟ್ಟೆ ತುಂಬಿದ್ದರೂ ಹಾಗೇ ಮಾಡುತ್ತದೆ. ಅನ್ನದ ಅಗುಳು, ಬ್ರೆಡ್ಡು, ಬಿಸ್ಕತ್ತು ಹಾಕಬಾರದೆಂಬುದನ್ನೂ ಬಾಯಿಬಿಟ್ಟು ಹೇಳಿ.

ಟ್ಯಾಂಕಿನ ಮೇಲೆ ಈ ಚೀಟಿ ಅಂಟಿಸಿ:

"ಆಂಟಿ, ಪೊಟ್ಟಣದ ಮೇಲಿನ ತಾರೀಖಿನಂದು ಮಾತ್ರ ಊಟ ಹಾಕಿ. ಹಾಕಿದ ಮೇಲೆ ಐದು ನಿಮಿಷ ನಿಂತು ನೋಡಿ. ತಿನ್ನದೇ ಬಿಟ್ಟರೆ ಪಕ್ಕದಲ್ಲಿರುವ ಬಲೆಯಿಂದ ತೆಗೆದುಬಿಡಿ. ಒಂದು ದಿನ ಮರೆತರೆ ಚಿಂತೆ ಇಲ್ಲ, ಮಾರನೇ ದಿನ ಎರಡು ಪೊಟ್ಟಣ ಹಾಕಬೇಡಿ. ನೀರು ಕೆಳಗಿನ ಟೇಪಿನ ಗೆರೆಗಿಂತ ಕೆಳಗಿದ್ದರೆ ನೀಲಿ ಕ್ಯಾನಿನ ನೀರು ಗೆರೆಯವರೆಗೆ ನಿಧಾನಕ್ಕೆ ಸುರಿಯಿರಿ. ಮುಚ್ಚಳ ಮುಚ್ಚಿ. ಮೀನಿನ ಫೋಟೋ ಒಂದು ಕಳಿಸಿ."

ಚೀಟಿಯಲ್ಲಿ ಬರೆಯುವ ಗೆರೆ ಹಂತ 1ರ ಮೇಲಿನ ಗೆರೆಯಲ್ಲ. ಹೀಟರಿನ ಕನಿಷ್ಠ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಇನ್ನೊಂದು ಟೇಪ್ ಅಂಟಿಸಿ. ಕ್ಯಾನಿನಲ್ಲಿ ಕ್ಲೋರಿನ್ ತೆಗೆದ ನೀರನ್ನು ನೀವೇ ತುಂಬಿಟ್ಟು ಹೋಗಿ. ಆವಿಯಾಗುವುದು ಬರೀ ನೀರು, ಲವಣಗಳು ಟ್ಯಾಂಕಿನಲ್ಲೇ ಉಳಿಯುತ್ತವೆ. ಹಾಗಾಗಿ ಇಳಿದಷ್ಟು ಮಾತ್ರ ತುಂಬಲು ಆರ್‌ಒ ನೀರೂ ಒಳ್ಳೆಯದು.

ಆಟೋ ಫೀಡರ್ ಬಳಸುವವರು ಅದನ್ನು ಮೊದಲು ಟ್ಯಾಂಕಿನ ಮೇಲೆ ಕೂರಿಸಬೇಡಿ. ಹಂತ 2ರ ವಾರದಲ್ಲೇ ಬಿಳಿ ತಟ್ಟೆಯ ಮೇಲಿಟ್ಟು ನಾಲ್ಕು ದಿನ ನಡೆಸಿ, ಪ್ರತಿ ಸಲ ಬಿದ್ದ ಕಾಳು ಎಣಿಸಿ. ಬಾಯಿಯನ್ನು ಪೂರ್ತಿ ಕಿರಿದು ಮಾಡಿದರೂ ಒಮ್ಮೆ ಮೂರು, ಒಮ್ಮೆ ಹದಿನೈದು ಬೀಳುವುದುಂಟು. ಈ ಯಂತ್ರಗಳನ್ನು ಹತ್ತಾರು ಮೀನಿನ ಟ್ಯಾಂಕಿಗೆಂದು ಮಾಡಿರುತ್ತಾರೆ, ಒಂಟಿ ಫೈಟರಿಗೆ ಅವುಗಳ ಅತಿ ಚಿಕ್ಕ ಅಳತೆಯೂ ಹೆಚ್ಚೇ. ಪ್ರತಿ ಸಲ ಐದಾರು ಕಾಳಿಗಿಂತ ಹೆಚ್ಚು ಬೀಳುತ್ತಿದ್ದರೆ ಆ ಯಂತ್ರ ಬೇಡ. ಸರಿ ಬಂದರೆ ಎರಡು ದಿನಕ್ಕೊಮ್ಮೆ ತಿರುಗುವಂತೆ ಹೊಂದಿಸಿ, ಆ ಸೌಲಭ್ಯ ಇಲ್ಲದಿದ್ದರೆ ದಿನಕ್ಕೆ ಒಂದೇ ಸಲ. ಹೊಸ ಬ್ಯಾಟರಿ ಹಾಕಿ. ಏರ್ ಪಂಪಿನ ಗುಳ್ಳೆ ಒಡೆಯುವ ಜಾಗದಿಂದ ದೂರ ಕೂರಿಸಿ, ಇಲ್ಲವಾದರೆ ಹಬೆ ತಾಗಿ ಪೆಲೆಟ್ ಉಂಡೆಗಟ್ಟುತ್ತದೆ. ಆ ಉಂಡೆ ಬಾಯಿಗೆ ಸಿಕ್ಕಿಕೊಳ್ಳಬಹುದು, ಇಲ್ಲವೇ ಒಟ್ಟಿಗೇ ನೀರಿಗೆ ಬೀಳಬಹುದು.

ಅಂಗಡಿಯವರು ಕೊಡುವ ಬಿಳಿ ರಜಾ ಬಿಲ್ಲೆ, ಅಂದರೆ ನೀರಿನಲ್ಲಿ ಕರಗುತ್ತಾ ಊಟ ಬಿಡುವ ಗಟ್ಟಿ, ತರಲೇಬೇಡಿ. ಫೈಟರ್ ನೀರಿನ ಮೇಲ್ಭಾಗದಲ್ಲಿ ತಿನ್ನುವ ಮೀನು, ತಳದ ಗಟ್ಟಿಯನ್ನು ಹೆಚ್ಚಿನವು ಮೂಸುವುದೂ ಇಲ್ಲ. ಅದು ಸುಮ್ಮನೆ ಕರಗಿ ನೀರನ್ನು ಕೆಡಿಸುತ್ತದೆ.

ಹಂತ 6: ಹಿಂದಿನ ದಿನ ಮತ್ತು ಹೊರಡುವ ಬೆಳಿಗ್ಗೆ

ಹಿಂದಿನ ದಿನ ಬೆಳಿಗ್ಗೆ ಎಂದಿನಷ್ಟೇ ಊಟ. "ನಾಳೆಯಿಂದ ಇಲ್ಲವಲ್ಲ" ಎಂದು ಎರಡರಷ್ಟು ಹಾಕಿದರೆ ಹೊಟ್ಟೆ ಕಟ್ಟುತ್ತದೆ. ಸಂಜೆ ಊಟ ಬೇಡ.

ಮುಚ್ಚಳದ ಸಂದುಗಳನ್ನು ಬೆರಳಿಟ್ಟು ನೋಡಿ. ಬೆರಳು ತೂರುವ ಸಂದಿನಿಂದ ಫೈಟರ್ ಹಾರಬಲ್ಲದು. ಸಂದು ಮುಚ್ಚಿ, ಆದರೆ ಗಾಳಿ ಆಡದಂತೆ ಬಿಗಿಯಬೇಡಿ. ಈ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಇರಲಿ. ಬೌಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಹೋಗುವುದು ಮೀನಿನ ಉಸಿರು ಕಟ್ಟಿದ ಹಾಗೆ.

ಇನ್ನೊಂದು ವಿಷಯ ತುಂಬ ಮುಖ್ಯ. ಮನೆ ಹೇಗೂ ಖಾಲಿ ಇರುತ್ತದೆಂದು ಆ ದಿನಗಳಲ್ಲೇ ಜಿರಳೆಗೆ ಪೆಸ್ಟ್ ಕಂಟ್ರೋಲ್ ಮಾಡಿಸುತ್ತಾರೆ, ಇಲ್ಲವೇ ಹೊರಡುವಾಗ ಮೂಲೆಗಳಿಗೆ ಸ್ಪ್ರೇ ಹೊಡೆಯುತ್ತಾರೆ. ಸೊಳ್ಳೆ ಬತ್ತಿ, ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಘೋರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಗೋಡೆಗೆ ಬಣ್ಣ ಹೊಡೆಸುವುದಕ್ಕೂ ಇದೇ ಮಾತು. ಇವೆಲ್ಲ ನೀವು ವಾಪಸ್ ಬಂದ ಮೇಲೆ, ಟ್ಯಾಂಕನ್ನು ಬೇರೆ ಕೋಣೆಗೆ ಸಾಗಿಸಿ ಮಾಡಿಸಿ.

ಹೊರಡುವ ಬೆಳಿಗ್ಗೆ ನೀರಿಗೆ ಕೈ ಹಾಕಬೇಡಿ. ಥರ್ಮಾಮೀಟರ್ ನೋಡಿ, ಫಿಲ್ಟರಿನ ಗುಳ್ಳೆ ನೋಡಿ, ಮೀನು ಎಲ್ಲಿದೆ ಎಂದು ನೋಡಿ, ಎಂಸಿಬಿ ಮೇಲಿನ ಟೇಪ್ ಮುಟ್ಟಿ ನೋಡಿ, ಬಾಗಿಲು ಹಾಕಿ.

ದೂರದಿಂದ ಗಮನಿಸಬೇಕಾದ್ದು

ಕಳಿಸಿದ ಫೋಟೋದಲ್ಲಿ ಮೊದಲು ನೀರನ್ನು ನೋಡಿ, ಮೀನನ್ನು ಆಮೇಲೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದ್ದರೆ ಊಟ ಕೊಳೆಯುತ್ತಿದೆ ಎಂದರ್ಥ. ಕೂಡಲೇ ಉಳಿದ ಪೊಟ್ಟಣಗಳನ್ನು ನಿಲ್ಲಿಸಲು ಹೇಳಿ, ಕ್ಯಾನಿನ ನೀರಿನಿಂದ ಕಾಲು ಭಾಗ ಬದಲಿಸಲು ಫೋನಿನಲ್ಲೇ ಹಂತ ಹಂತವಾಗಿ ತಿಳಿಸಿ. ಮೀನು ತಳದಲ್ಲಿ ಒರಗಿದ್ದರೆ, ಚಿಪ್ಪುಗಳು ಅನಾನಸ್ ಸಿಪ್ಪೆಯಂತೆ ಎದ್ದು ನಿಂತಿದ್ದರೆ, ಮೈಮೇಲೆ ಹತ್ತಿಯಂಥ ಬಿಳಿ ಕೂದಲು ಕಂಡರೆ ಮೀನು ಸಾಕಿ ಅನುಭವ ಇರುವವರನ್ನು ಕಳಿಸಿ. ಪಕ್ಕದ ಮನೆಯವರ ಕೈಯಲ್ಲಿ ಔಷಧಿ ಹಾಕಿಸಬೇಡಿ. ನೀರಿನ ಮೇಲೆ ನೊರೆಯ ಗೂಡು ಕಂಡರೆ ಗಾಬರಿ ಬೇಡ, ಗಂಡು ಫೈಟರ್ ಕಟ್ಟುವ ಗೂಡು ಅದು.

ಹಂತ 7: ವಾಪಸ್ ಬಂದ ಮೇಲೆ

ಬ್ಯಾಗು ಇಳಿಸಿದ ಕೂಡಲೇ ಪೆಲೆಟ್ ಡಬ್ಬಿಗೆ ಕೈ ಹಾಕಬೇಡಿ. ರಾತ್ರಿ ಬಂದಿದ್ದರೆ ಟ್ಯಾಂಕಿನ ಲೈಟನ್ನು ಒಮ್ಮೆಲೇ ಹಾಕದೆ ಕೋಣೆಯ ಬೆಳಕಿನಲ್ಲೇ ನೋಡಿ. ಫಿಲ್ಟರ್ ನಡೆಯುತ್ತಿದೆಯೇ, ನೀರಿನ ವಾಸನೆ ಹೇಗಿದೆ? ಹದವಾದ ಟ್ಯಾಂಕಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಟ್ಟಿದೆ.

ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿ. ಎರಡೂ 0 ಇದ್ದರೆ ಎರಡು ಪೆಲೆಟ್ ಕೊಡಿ. ಮಾರನೇ ದಿನ ಕಾಲು ಭಾಗ ನೀರು ಬದಲಿಸಿ. ಮೂರನೇ ದಿನದಿಂದ ಎಂದಿನ ಊಟ.

ಅಮೋನಿಯಾ ಕಂಡರೆ ಗಾಬರಿಯಲ್ಲಿ ಮುಕ್ಕಾಲು ನೀರು ಚೆಲ್ಲಬೇಡಿ. ವಾರಗಟ್ಟಲೆ ನಿಂತ ನೀರಿನ ಪಿಎಚ್ ಇಳಿದಿರುತ್ತದೆ. ಅದಕ್ಕೆ ಒಮ್ಮೆಲೇ ಗಡಸು ನೀರು ಸುರಿದರೆ ಪಿಎಚ್ ಮೇಲೇರಿ, ಅಷ್ಟು ದಿನ ಮೃದುವಾಗಿದ್ದ ಅಮೋನಿಯಾ ಆಗಲೇ ತೀವ್ರ ವಿಷವಾಗುತ್ತದೆ. ಬೆಳಿಗ್ಗೆ ಕಾಲು ಭಾಗ, ಸಂಜೆ ಕಾಲು ಭಾಗ, ಅಮೋನಿಯಾ 0 ಬರುವವರೆಗೆ ಹೀಗೇ ಬದಲಿಸಿ. ತಳದಲ್ಲಿ ಕೊಳೆತ ಊಟ ಇದ್ದರೆ ಮೊದಲು ಅದನ್ನು ಸೈಫನ್ ಮಾಡಿ. ಈ ದಿನಗಳಲ್ಲಿ ಊಟ ಬೇಡ.

ಫಿಲ್ಟರ್ ದಿನವಿಡೀ ನಿಂತಿದ್ದು ಸ್ಪಾಂಜು ಕಪ್ಪಾಗಿ ನಾರುತ್ತಿದ್ದರೆ ಹಾಗೇ ಸ್ವಿಚ್ ಹಾಕಬೇಡಿ. ಒಳಗೆ ಕೊಳೆತ ನೀರೆಲ್ಲ ಒಮ್ಮೆಲೇ ಟ್ಯಾಂಕಿಗೆ ನುಗ್ಗುತ್ತದೆ. ಹೊರಗೆ ತೆಗೆದು, ಬಕೆಟ್ಟಿಗೆ ತೆಗೆದ ಟ್ಯಾಂಕಿನ ನೀರಲ್ಲಿ ಜಾಲಿಸಿ ಮತ್ತೆ ಕೂರಿಸಿ, ಮುಂದಿನ ಎರಡು ವಾರ ಹೊಸ ಟ್ಯಾಂಕ್ ಎಂದೇ ಭಾವಿಸಿ ಎರಡು ದಿನಕ್ಕೊಮ್ಮೆ ಪರೀಕ್ಷೆ ಮಾಡುತ್ತಿರಿ.